ಆ ರಾಜ್ಯದಲ್ಲಿ ಇವತ್ತು ತಾರೀಖು ಎಷ್ಟು?

ಕಿರೀಟ ಇದೆ, ಕತ್ತಿ ಇದೆ, ವಿಷದ ಬಟ್ಟಲು ಇದೆ, ಕುದುರೆ ಮೇಲೆ ಬರುವ ನಾಯಕನೂ ಇದ್ದಾನೆ. ಆದರೆ ಸ್ವಾಮೀ, ಆ ರಾಜ್ಯದಲ್ಲಿ ಇವತ್ತು ತಾರೀಖು ಎಷ್ಟು ಅಂತ ಯಾರಾದರೂ ಕೇಳಿದ್ದೀರಾ? ನಮ್ಮ ಸಿನಿಮಾದವರು ಈ ಪ್ರಶ್ನೆಯಿಂದ ಬಹಳ ಜಾಣತನದಿಂದ ಪಾರಾಗುತ್ತಾರೆ. 1978ರಲ್ಲಿ ಗಿರೀಶ್ ಕಾರ್ನಾಡರು ಶಂಕರ್‌ನಾಗ್ ಕೈಗೆ ಕತ್ತಿ ಕೊಟ್ಟಾಗ ಚಿತ್ರದ ಹೆಸರೇ 'ಒಂದಾನೊಂದು ಕಾಲದಲ್ಲಿ'. ಯಾವ ಕಾಲ? ಕೇಳಬಾರದು! 2015ರ 'ಬಾಹುಬಲಿ'ಯವರು ಕಾಲಕೇಯರಿಗಾಗಿ 'ಕಿಲಿಕಿ' ಅಂತ ಒಂದು ಭಾಷೆಯನ್ನೇ ಹುಟ್ಟಿಸಿದರು. 'ಕೆ.ಜಿ.ಎಫ್.'ನ ನರಾಚಿ ಕಟ್ಟುಕತೆಯ ಊರು, ಆದರೆ ರಾಕಿ ಹುಟ್ಟಿದ್ದು ಮಾತ್ರ ನಮ್ಮ ನಿಮ್ಮ ಗೋಡೆಯ ಕ್ಯಾಲೆಂಡರಿನ 1951ರಲ್ಲಿ.

ಇಂಗ್ಲಿಷ್ ಲೇಖಕ ಟೋಲ್ಕಿನ್ ಮಾತ್ರ ಈ ವಿಷಯದಲ್ಲಿ ಮಹಾ ಹಟಮಾರಿ. 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಕೊನೆಗೆ ಕುಳ್ಳ ಹಾಬಿಟ್‌ಗಳ ಪಂಚಾಂಗವನ್ನೇ ಬರೆದಿಟ್ಟ. ಮೂವತ್ತು ದಿನದ ಹನ್ನೆರಡು ತಿಂಗಳು, ಯಾವ ತಿಂಗಳಿಗೂ ಸೇರದ ಐದು ದಿನ ಬೇರೆ. ಸಿನಿಮಾದಲ್ಲಿ ಅದೆಲ್ಲ ಕಾಣುವುದಿಲ್ಲ, ಬಿಡಿ.

ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಭಾಲ್ಕಿಯಲ್ಲಿ ನನ್ನ ಗೆಳೆಯನೊಬ್ಬ ಸಿನಿಮಾ ಕತೆ ಬರೆಯುತ್ತಿದ್ದಾನೆ. ಕಾಲ್ಪನಿಕ ರಾಜ್ಯ, ಇಬ್ಬರು ಅಣ್ಣತಮ್ಮಂದಿರು, ಒಂದು ಸಿಂಹಾಸನ. ಚಹಾ ಹೀರುತ್ತಾ ಅವನು ಕೇಳಿದ: "ದೋಸ್ತಾ, ನನ್ನ ರಾಜ್ಯಕ್ಕ ಹನ್ನೆರಡು ತಿಂಗಳ ಹೆಸರು ಬೇಕಾಗ್ಯಾವ. ಕೇಳಿದ್ರ ಖದರ್ ಇರಬೇಕು ನೋಡು!"

ನಾನು ಹೇಳಿದೆ: "ಹುಟ್ಟಿಸೋದು ಯಾಕ? ನಿಮ್ಮ ಮುತ್ಯಾನ ಟ್ರಂಕ್ ತೆಗಿ, ಅದರಾಗ ಅವ."

ಅಜೂರ್, ದೈ, ಬಹಮನ್, ಇಸ್ಫಂದಾರ್, ಫರವರ್ದಿ, ಅರ್ದಿಬೆಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್! ಯಾವ ಮಾಂತ್ರಿಕನ ಕೋಟೆಯ ಹೆಸರೂ ಅಲ್ಲ ಇವು. ಬೀದರ್, ಭಾಲ್ಕಿ, ಔರಾದ ನಿಜಾಮನ ಕೈಯಲ್ಲಿದ್ದಾಗ ಇದೇ ಸರ್ಕಾರಿ ಕ್ಯಾಲೆಂಡರು. ಹೆಸರು ಫಸಲಿ. ಫಸಲು ಅಂದರೆ ಬೆಳೆ.

ಇದರ ಮೂಲಪುರುಷ ಯಾರು ಗೊತ್ತೇ? 1960ರ 'ಮೊಘಲ್-ಎ-ಆಜಂ'ನಲ್ಲಿ ಪೃಥ್ವಿರಾಜ್ ಕಪೂರ್ ಗುಡುಗಿದರಲ್ಲ, ಆ ಅಕ್ಬರ್ ಬಾದಶಹ! ಹಿಜರಿ ವರ್ಷ ಚಂದ್ರನ ಲೆಕ್ಕ, 354 ದಿನ. ಹನ್ನೊಂದು ದಿನ ಕಡಿಮೆ. ಹಾಗಾಗಿ ಕಂದಾಯದ ತಿಂಗಳು ವರ್ಷವರ್ಷ ಹಿಂದೆ ಸರಿಯುತ್ತಾ ಹೋಗುತ್ತದೆ. ಜೋಳ ಮಾತ್ರ ಸರಿಯುವುದಿಲ್ಲ! ತೆನೆ ಕಟ್ಟುವ ಮೊದಲೇ ವಸೂಲಿಗೆ ಬಂದರೆ ರೈತ ಏನು ಕೊಟ್ಟಾನು? ಅದಕ್ಕೆ ಅಕ್ಬರ್ ಪಟ್ಟವೇರಿದ ಹಿಜರಿ 963ನ್ನು, ಅಂದರೆ 1556ನ್ನು, ಹಿಡಿದು ಅಲ್ಲಿಂದ ಮುಂದೆ ಸೂರ್ಯನ ಲೆಕ್ಕಕ್ಕೆ ಹೊರಳಿಸಿದರು.

ಇಲ್ಲೊಂದು ಟ್ವಿಸ್ಟ್ ಇದೆ, ಕತೆ ಬರೆಯುವವರು ಕಿವಿಗೊಡಬೇಕು. ದಖ್ಖನಿನಲ್ಲಿ ಫಸಲಿ ಶುರುವಾದದ್ದು ಷಹಜಹಾನನ ಕಾಲಕ್ಕೆ, 1636ರಲ್ಲಿ. ಆಗ ನಡೆಯುತ್ತಿದ್ದ ಹಿಜರಿ 1046ನ್ನೇ ಇಲ್ಲಿ ಹಿಡಿದರು. ನಡುವಿನ ಎಂಬತ್ತು ವರ್ಷದಲ್ಲಿ ಹಿಜರಿ ಎರಡು ವರ್ಷಕ್ಕೂ ಹೆಚ್ಚು ಮುಂದೆ ಓಡಿಬಿಟ್ಟಿತ್ತು. ಫಲ? ಅದೇ ದಿನ ಉತ್ತರದಲ್ಲಿ ಒಂದು ವರ್ಷ, ದಖ್ಖನಿನಲ್ಲಿ ಇನ್ನೊಂದು! ಎರಡು ರಾಜ್ಯ, ಒಂದು ಓಲೆ, ಎರಡು ತಾರೀಖು... ಗೆಳೆಯ ಚಹಾ ಬಿಟ್ಟು ಪೆನ್ನು ಹುಡುಕಿದ.

ಬೀದರಿನ ಜನ ಪಂಚಾಂಗ ಬೆರೆಸುವುದರಲ್ಲಿ ಎತ್ತಿದ ಕೈ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗುಮ್ಮಟ ನೋಡಿದ್ದೀರಲ್ಲ? ಸುಲ್ತಾನನ ಉರುಸು ಹಿಜರಿ ತಾರೀಖಿಗೆ ಅಲ್ಲ, ಹೋಳಿ ಕಳೆದ ಮೇಲೆ ಹಿಂದೂ ತಿಥಿಯ ಲೆಕ್ಕಕ್ಕೆ ನಡೆಯುತ್ತದೆ. ಲಿಂಗಾಯತರಿಗೆ ಅವನು ಅಲ್ಲಮಪ್ರಭು. ಯಾವ ಡೈರೆಕ್ಟರ್ ಇಂಥ ಸೀನ್ ಕಟ್ಟಿಯಾನು!

ನಿಜಾಮನ ರಾಜ್ಯದಲ್ಲಿ ಅಕ್ಟೋಬರ್ ಮೊದಲ ವಾರ ಅಜೂರ್ ಒಂದು, ಹೊಸ ವರ್ಷ. ಆ ರಾಜ್ಯದ ಕೊನೇ ರೀಲು ಓಡಿದ್ದೂ ವರ್ಷದ ಕೊನೇ ತಿಂಗಳಲ್ಲೇ. 1948ರ ಸೆಪ್ಟೆಂಬರ್ 17 ಅಂದರೆ ಫಸಲಿ 1357ರ ಆಬಾನ್. ಒಂದು ಮನೆಯಲ್ಲಿ ಆ ದಿನ ಬಾವುಟ ಏರಿತು. ಅದರ ಬೆನ್ನಿಗೇ ಇನ್ನೊಂದು ಮನೆಯಲ್ಲಿ ಒಲೆ ಹತ್ತಲಿಲ್ಲ. ಆಗ ಹೆಚ್ಚು ಸಾವುನೋವು ಕಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರೂ ಒಂದು ಅಂತ ಸುಂದರಲಾಲ್ ಸಮಿತಿ ಬರೆದಿದೆ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಫಸಲಿ ಟ್ರಂಕ್ ಸೇರಿತು. ತಮಿಳುನಾಡಿನ ಕಂದಾಯ ಇಲಾಖೆಯಲ್ಲಿ ಜುಲೈ 1ಕ್ಕೆ ಶುರುವಾಗುವ ಫಸಲಿ ವರ್ಷ ಇನ್ನೂ ಇದೆ.

ಟ್ರಂಕ್ ಸೇರಿದ್ದು ಒಮ್ಮೊಮ್ಮೆ ಹೊರಗೆ ಬರುತ್ತದೆ. ಔರಾದ ಕಡೆಯ ಒಬ್ಬ ಮುತ್ಯಾ ಉರ್ದುವಿನಲ್ಲಿ ಬರೆದ ಹಳೇ ಖರೀದಿ ಪತ್ರ ಹಿಡಿದು ಒಂದು ಕಚೇರಿಗೆ ಹೋಗಿದ್ದ. ಓದಿಸಿದಾಗ ಬಂದ ತಾರೀಖು: 5 ಬಹಮನ್ 1352. ಅಲ್ಲಿನ ಹುಡುಗ ನಕ್ಕ, "ಏನ್ ಮುತ್ಯಾ, ಬಹಮನಿ ಸುಲ್ತಾನರ ಕೈಲಿ ಹೊಲ ತಗೊಂಡೀರೇನು?" ಅಂತ. ತಮಾಷೆಯೇನೋ ಚೆನ್ನಾಗಿದೆ. ಕ್ರಿ.ಶ. 1352ರಲ್ಲಿ ಬಹಮನಿ ರಾಜ್ಯಕ್ಕೆ ಐದೇ ವರ್ಷ ವಯಸ್ಸು! ಆದರೆ ನಾಲ್ಕೆಕರೆ ಹೊಲದ ಪತ್ರ ತಳ್ಳಿಸಿಕೊಂಡು ವಾಪಸ್ ಬಂದ ಮುದುಕನಿಗೆ ನಗು ಬರಲಿಲ್ಲ.

ಪತ್ರ ನನ್ನ ಕೈಗೆ ಬಂತು. ಲೆಕ್ಕ ಸುಲಭ. ಅಜೂರ್, ದೈ ಇದ್ದರೆ 590 ಕೂಡಿಸಿ. ಇಸ್ಫಂದಾರಿನಿಂದ ಆಬಾನ್‌ವರೆಗೆ 591. ಬಹಮನ್ ಮಾತ್ರ ಡಿಸೆಂಬರಿನಲ್ಲಿ ಹುಟ್ಟಿ ಜನವರಿಗೆ ಕಾಲಿಡುವ ತಿಂಗಳು, ಅಲ್ಲಿ ಸ್ವಲ್ಪ ಹುಷಾರು. ಐದನೇ ದಿನ ಅಂದರೆ ಇನ್ನೂ ಡಿಸೆಂಬರೇ. 1352ಕ್ಕೆ 590 ಕೂಡಿಸಿದೆ: 1942, ಡಿಸೆಂಬರ್ ಎರಡನೇ ವಾರ. ಒಂದು ಚೀಟಿಯಲ್ಲಿ ಲೆಕ್ಕ ಬರೆದು ಪತ್ರಕ್ಕೆ ಪಿನ್ ಹಾಕಿ ಕೊಟ್ಟೆ.

ಮುತ್ಯಾ ಹೊಲದ ಮಾತೇ ಬಿಟ್ಟ.

"ತಮ್ಮಾ, ಹೊಲ ತಗೊಂಡ ಹದಿನೈದು ದಿನಕ್ಕ ನೀ ಹುಟ್ಟೀದಿ ಅಂತ ನಮ್ಮವ್ವ ಹೇಳತಿದ್ಲು. ಅಂದ್ರ ನಾ ಹುಟ್ಟಿದ್ದು...?"

"ಡಿಸೆಂಬರ್ ಆಖೇರಿಗೆ, ಮುತ್ಯಾ. 1942."

ಅವನು ಜೇಬಿನಿಂದ ಆಧಾರ್ ಕಾರ್ಡ್ ತೆಗೆದ. ಅದರಲ್ಲಿ ಅಚ್ಚಾಗಿತ್ತು, 1 ಜನವರಿ 1950. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳು ಮಡಿಚುತ್ತಾ ಬಹಳ ಹೊತ್ತು ಕೂತ. ಆಮೇಲೆ ಕಾರ್ಡನ್ನು ಜೇಬಿಗೆ ಹಾಕಿ, ಚೀಟಿಯನ್ನು ಟೋಪಿಯ ಮಡಿಕೆಯಲ್ಲಿ ಸಿಕ್ಕಿಸಿ, ಔರಾದ ಬಸ್ಸು ಹತ್ತಿದ.