ಮಸಾಲೆ ಡಬ್ಬಿಯಲ್ಲೊಂದು ಮಳೆಮಾಪಕ!

ಏಳಿ, ಅಡುಗೆಮನೆಗೆ ಹೋಗಿ ಮಸಾಲೆ ಡಬ್ಬಿ ತೆಗೆಯಿರಿ. ಮಳೆ ಎಷ್ಟು ಹುಳಿ ಎಂದು ಸುಳಿವು ಕೊಡಬಲ್ಲ ಜೀವಿಯೊಂದು ಅದರಲ್ಲಿದೆ! ಯಾವುದು, ಹೇಳಿ ನೋಡೋಣ. ಚಕ್ಕೆಯಲ್ಲ. ಲವಂಗವಲ್ಲ. ಮರಾಠಿ ಮೊಗ್ಗೂ ಅಲ್ಲ.

ಕಲ್ಲುಹೂವು! ಬಿಸಿಬೇಳೆಬಾತಿಗೆ ಘಮ ಕೊಡುವ, ಸುಟ್ಟ ಕಾಗದದ ಚೂರಿನಂತಿರುವ ಅದೇ ಕಲ್ಲುಹೂವು!

ಹೆಸರು ನಂಬಬೇಡಿ. ಅದು ಹೂವಲ್ಲ. ಗಿಡವೂ ಅಲ್ಲ. ಒಂದೇ ಜೀವಿಯೂ ಅಲ್ಲ! ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗೆ ಕೂತ ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಎರಡರದೂ ಒಂದೇ ಸಂಸಾರ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆಯ ಜತೆ ಇದನ್ನೂ ಕಾಡಿನಿಂದ ಬಿಡಿಸಿ ತಂದವರು.

ಸೋಜಿಗ ಈಗ ಶುರು. ಇದಕ್ಕೆ ಬೇರಿಲ್ಲ! ಎಲೆಗಿರುವಂಥ ಮೇಣದ ಹೊದಿಕೆಯೂ ಇಲ್ಲ! ಮಳೆ, ಮಂಜು, ಗಾಳಿ ತಂದದ್ದೇ ಊಟ. ಹುಳಿ ತಂದರೆ ಹುಳಿಯನ್ನೇ ಕುಡಿಯಬೇಕು. ಗಂಧಕದ ಹೊಗೆ ಹೆಚ್ಚಾದಲ್ಲಿ ಈ ಬಳಗದ ಸೂಕ್ಷ್ಮ ಜಾತಿಗಳು ಮೊದಲು ಕಾಣೆಯಾಗುತ್ತವೆ. 1866ರಲ್ಲೇ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಉದ್ಯಾನದಲ್ಲಿ ಇವು ಗಾಳಿಯ ಆರೋಗ್ಯ ಹೇಳುತ್ತವೆಂದು ಗುರುತಿಸಿದ್ದರು!

ಹಾಗಾದರೆ ಶುದ್ಧ ಮಳೆಯ ಪಿಎಚ್, ಅಂದರೆ ಹುಳಿಯ ಅಳತೆ, ಎಷ್ಟು? 7 ಅಂದಿರಾ? ತಪ್ಪು! 5.6. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿ ಹನಿ ತುಸು ಹುಳಿಯಾಗಿಯೇ ಇಳಿಯುತ್ತದೆ. ಇನ್ನು ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು! 1974ರ ಏಪ್ರಿಲ್ 10ರಂದು ಸ್ಕಾಟ್ಲೆಂಡಿನ ಪಿಟ್ಲೋಕ್ರಿಯಲ್ಲಿ ಸುರಿದ ಮಳೆಯ ಪಿಎಚ್ ಎಷ್ಟಿತ್ತು ಗೊತ್ತೇ?

2.4! ಆಕಾಶದಿಂದ ವಿನೆಗರ್!

ನಮ್ಮಲ್ಲೂ ಕಲ್ಲಿದ್ದಲು ಉರಿಯುತ್ತದೆ, ವಾಹನಗಳು ಹೊಗೆ ಉಗುಳುತ್ತವೆ. ಆದರೂ ಭಾರತದ ಎಷ್ಟೋ ಊರುಗಳ ಮಳೆ 5.6ಕ್ಕಿಂತ ಮೇಲೇ ಇರುವುದು ಅಳತೆಯಲ್ಲಿ ಕಂಡಿದೆ. ಕಾಪಾಡಿದವರಾರು?

ದೂಳು! ಹೌದು, ನಾವು ಬೈಯುತ್ತ ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುವ ದೂಳು! ನಮ್ಮ ಮಣ್ಣಿನ ದೂಳಲ್ಲಿರುವ ಸುಣ್ಣದಂಶ ಮೋಡದಲ್ಲೇ ಹುಳಿ ಮುರಿಯುತ್ತದೆ. ಅದಕ್ಕೊಬ್ಬ ಜತೆಗಾರ ಬೇರೆ: ಕೊಟ್ಟಿಗೆಯ ಗಂಜಲದಿಂದ ಏಳುವ ಅಮೋನಿಯಾ! ಹನೂರಿನ ಹಟ್ಟಿಯ ದನವೂ ಆಕಾಶದ ರಸಾಯನದಲ್ಲಿ ಪಾಲುದಾರ!

ಆದರೆ ಮೊದಲ ಮಳೆಗಳು ದೂಳನ್ನೆಲ್ಲ ತೊಳೆದುಬಿಡುತ್ತವೆ. ಆಮೇಲೆ ಸುರಿಯುವುದಕ್ಕೆ ಆ ಸುಣ್ಣದ ಕಾವಲು ಕಡಿಮೆ.

ಮರದಡಿ ನಿಂತು ನೆನೆದಿದ್ದೀರಾ? ಅದು ಬಯಲಿನ ಮಳೆಯಲ್ಲ! ಎಲೆಗಳ ಪೊಟ್ಯಾಸಿಯಂ ತೊಳೆದುಕೊಂಡು ತೊಟ್ಟಿಕ್ಕುವ ಗೊಬ್ಬರದ ನೀರು. ಮರ ತನ್ನ ಬೇರಿಗೆ ತಾನೇ ಉಣಿಸುತ್ತಿರುತ್ತದೆ!

ಕೊಳ್ಳೇಗಾಲದ ಕಡೆಯಿಂದ ಬೆಟ್ಟ ಹತ್ತಿದಾಗ ಒಮ್ಮೆ ಮರದ ಕಾಂಡಗಳನ್ನು ನೋಡಿ. ಕಲ್ಲುಹೂವಿನ ಬೂದುಹಸಿರು ಚಕ್ಕೆಗಳು ಕಂಡರೆ ಮುಟ್ಟಿ, ಮೂಸಿ. ಕೀಳಬೇಡಿ. ಅದು ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್.