ತರ್ಕದ ತಪ್ಪು

ನ್ಯಾಯಶಾಸ್ತ್ರವು ಪಂಡಿತರ ಮನೆಯ ಅಟ್ಟವನ್ನು ಸೇರಿ ಧೂಳು ಹಿಡಿಯಿತೆಂದು ನಾವು ಬಹುಕಾಲ ವ್ಯಥೆಪಡುತ್ತಿದ್ದೆವು. ಲಿಂಗಸುಗೂರು ಸೀಮೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ವಿಶ್ರಾಂತಿ ಪಡೆದಿರುವ ನಮಗೆ, ಅದೇ ಶಾಸ್ತ್ರವು ವೇಷವನ್ನು ಬದಲಿಸಿಕೊಂಡು ಈಗಿನ ಮಕ್ಕಳ ಕೈಯಲ್ಲಿ ಓಡಾಡುತ್ತಿರುವುದು ಕಳೆದ ದೀಪಾವಳಿಯವರೆಗೂ ತಿಳಿದಿರಲಿಲ್ಲ. ಸಿಂಧನೂರಿನಲ್ಲಿರುವ ನಮ್ಮ ತಂಗಿಯ ಮಗಳು ಹಬ್ಬಕ್ಕೆಂದು ಬಂದವಳು ಇಟ್ಟಿಗೆಯಷ್ಟು ದಪ್ಪನಾದ ಪುಸ್ತಕವೊಂದನ್ನು ತಂದಿದ್ದಳು.

ಹಬ್ಬವು ನೆಪವೇ ಸರಿ. ತಂಗಿಯು ಮಗಳನ್ನು ಕಳುಹಿಸಿದ್ದುದು ಒಂದು ತೀರ್ಮಾನಕ್ಕಾಗಿ. ಹುಡುಗಿಯು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದಬೇಕು. ಅದಕ್ಕಾಗಿ ಒಂದು ವರ್ಷ ಧಾರವಾಡದಲ್ಲಿ ನಿಲ್ಲಬೇಕು. ಖರ್ಚಿಗೆ ತಾಯಿಯ ಪಾಟಲಿಗಳನ್ನು ಒತ್ತೆಯಿಡಬೇಕು. "ಅಣ್ಣ ಹೂಂ ಅಂದರ ಹೋಗಲಿ, ಬ್ಯಾಡ ಅಂದರ ಬ್ಯಾಡ" ಎಂದು ತಂಗಿ ಹೇಳಿ ಕಳುಹಿಸಿದ್ದಳು. ನಮ್ಮ ಮನಸ್ಸು ಬೇಡವೆಂಬ ಕಡೆಗೇ ವಾಲಿದ್ದಿತು. ಪರಿಚಿತರ ಮನೆಯ ಇಬ್ಬರು ಹುಡುಗಿಯರು ಹಾಗೆಯೇ ಹೋಗಿ, ಹಣವನ್ನು ಕಳೆದು, ಉತ್ತೀರ್ಣರಾಗದೆ ಹಿಂದಿರುಗಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೆವು.

ಆ ಪರೀಕ್ಷೆಯ ಸ್ವರೂಪವನ್ನು ವಾಚಕರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಪೂರ್ವಭಾವಿ ಪರೀಕ್ಷೆಗೆ 2011ರಲ್ಲಿ ಒಂದು ಯೋಗ್ಯತಾ ಪತ್ರಿಕೆಯನ್ನು ಸೇರಿಸಿದರು. ಎರಡು ಗಂಟೆಯ ಅವಧಿ, 80 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಮೂರನೆಯ ಒಂದು ಪಾಲನ್ನು ಕಳೆಯುವರು. 2015ರಿಂದೀಚೆಗೆ ನೂರಕ್ಕೆ 33ರಂತೆ ಬಂದರೆ ಸಾಕು. ಬಾರದಿದ್ದರೆ ಮೊದಲನೆಯ ಪತ್ರಿಕೆಯಲ್ಲಿ ಎಷ್ಟು ಅಂಕ ಬಂದರೂ ಫಲವಿಲ್ಲ. ಪ್ರಶ್ನೆಗಳು ಅಚ್ಚಾಗುವುದು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತ್ರ. ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳು ಮೊದಲು ಭಾಷೆಯ ಬೇಲಿಯನ್ನು ಹಾರಿ ಬಳಿಕ ತರ್ಕದ ತೋಟವನ್ನು ಹೊಗಬೇಕು. ಇದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ, ಅದಿರಲಿ.

ಹುಡುಗಿಯು ಪುಸ್ತಕದ ಒಂದು ಪ್ರಶ್ನೆಗೆ ನಮ್ಮ ಸೀಮೆಯ ಉಡುಪನ್ನು ತೊಡಿಸಿ ಕೇಳಿದಳು: "ಕಾಲುವೆಯ ನೀರು ಬರುವ ಊರುಗಳಲ್ಲೆಲ್ಲ ಭತ್ತ ಬೆಳೆಯುವರು. ಈ ಊರಿನಲ್ಲಿ ಭತ್ತ ಬೆಳೆಯುವರು. ಆದುದರಿಂದ ಈ ಊರಿಗೆ ಕಾಲುವೆಯ ನೀರು ಬರುತ್ತದೆ. ಮಾಮಾ, ಇದರೊಳಗ ತಪ್ಪು ಎಲ್ಲಿ ಅದ, ಹೇಳ್ರಿ ನೋಡೋಣ."

ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಹೊಲಗಳು ಗದ್ದೆಗಳಾದುದನ್ನು ಬಲ್ಲ ನಾವು, "ತಪ್ಪೇನೂ ಇಲ್ಲ, ಸರಿಯಾಗಿಯೇ ಇದೆ" ಎಂದುಬಿಟ್ಟೆವು. ಅವಳು ನಕ್ಕಳು. ಕೊಳವೆಬಾವಿಯ ನೀರಿನಿಂದ ಭತ್ತ ಬೆಳೆಯಬಾರದೆ?

ನಮಗೆ ನಾಚಿಕೆಯಾಯಿತು. ಏಕೆಂದರೆ ಈ ತಪ್ಪು ನಮಗೆ ಬಾಲ್ಯದಿಂದ ಪರಿಚಿತವಾದುದು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ನಿಜ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಬಹುದೆ? ಕೂಡದು. ಕಮ್ಮಾರನ ಕುಲುಮೆಯಿಂದ ತೆಗೆದ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟುವುದಕ್ಕೆ ಹಸಿಯ ಸೌದೆಯ ಸೇರುವೆ ಬೇಕು. ಮಾತಿನಲ್ಲಿ ಕಾಣಿಸದೆ ಬೆನ್ನಹಿಂದೆ ನಿಂತು ಕೆಲಸ ಮಾಡುವ ಇಂತಹ ಮೂರನೆಯ ಸಂಗತಿಯನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಸಾಧ್ಯವನ್ನು ಬಿಟ್ಟು ಅತ್ತಿತ್ತ ಅಲೆಯುವ ಹೇತುವಿಗೆ ಸವ್ಯಭಿಚಾರವೆಂದು ಹೆಸರಿಟ್ಟರು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಹೇತ್ವಾಭಾಸಗಳು ಐದು. ಇವನ್ನು ಕಂಠಪಾಠ ಮಾಡಿದ್ದ ನಾವು ಭತ್ತದ ಗದ್ದೆಯಲ್ಲಿ ಕಾಲು ಜಾರಿದೆವು.

ಜಾರಿದ ಕಾರಣವನ್ನು ಆಲೋಚಿಸಿದಾಗ ಒಂದು ಸೂಕ್ಷ್ಮವು ಹೊಳೆಯಿತು. ನಮ್ಮ ಶಾಸ್ತ್ರದಲ್ಲಿ ಬಾಧಿತವೆಂಬ ದೋಷವುಂಟು: ಬೆಂಕಿಯು ತಣ್ಣಗಿದೆಯೆಂದು ಯಾರಾದರೂ ಸಾಧಿಸಹೊರಟರೆ, ಮುಟ್ಟಿ ನೋಡಿದ ಕೈಯೇ ಅದನ್ನು ಸುಳ್ಳುಮಾಡುತ್ತದೆ. ಅಲ್ಲಿ ಲೋಕದ ಸತ್ಯವೇ ಪ್ರಮಾಣ. ಈ ಪರೀಕ್ಷೆಯವರಾದರೋ ಲೋಕವನ್ನು ಬಾಗಿಲ ಹೊರಗೆ ನಿಲ್ಲಿಸುವರು. ಕೊಟ್ಟ ಮಾತು ದಿಟವೆಂದೇ ಒಪ್ಪಿಕೊಳ್ಳಬೇಕು. ಆ ಮಾತಿನಿಂದ ಈ ಮಾತು ಹುಟ್ಟುವುದೋ ಇಲ್ಲವೋ ಎಂಬುದನ್ನಷ್ಟೇ ನೋಡಬೇಕು. ಊರಿಗೆ ಕಾಲುವೆಯಿರುವುದನ್ನು ಬಲ್ಲವನೇ ಇಲ್ಲಿ ಮೊದಲು ಕೆಡುವನು. ಹುಡುಗಿಯ ಪದ್ಧತಿಯು ಹೀಗಿತ್ತು: ವಾದಿಯು ಕಡೆಗೆ ಏನನ್ನು ಹೇಳಹೊರಟಿರುವನೆಂಬುದನ್ನು ಮೊದಲು ಗುರುತಿಸಿ ಅಡಿಗೆರೆಯೆಳೆಯುವುದು, ಅದಕ್ಕೆ ಅವನು ಕೊಟ್ಟ ಕಾರಣವನ್ನು ಬೇರ್ಪಡಿಸುವುದು, ಎರಡರ ನಡುವಣ ಬಿರುಕನ್ನು ತನ್ನ ಮಾತಿನಲ್ಲಿ ಹೇಳಿಕೊಂಡ ಬಳಿಕವೇ ಅಚ್ಚಾದ ನಾಲ್ಕು ಉತ್ತರಗಳ ಕಡೆಗೆ ಕಣ್ಣು ಹಾಯಿಸುವುದು. "ಎಲ್ಲ", "ಕೆಲವು", "ಮಾತ್ರ" ಎಂಬ ಚಿಕ್ಕ ಪದಗಳ ಮೇಲೆ ಅವಳ ಬೆರಳು ತಾನಾಗಿ ನಿಲ್ಲುತ್ತಿತ್ತು. ಪ್ರತಿಜ್ಞೆ, ಹೇತು, ವ್ಯಾಪ್ತಿ. ಹೆಸರುಗಳನ್ನು ಮಾತ್ರ ಅವಳು ಅರಿಯಳು.

ಹಬ್ಬ ಮುಗಿದ ಮೇಲೆ ಅವಳನ್ನು ಊರಿಗೆ ಮುಟ್ಟಿಸಲು ನಾವೂ ಹೊರಟು, ದಾರಿಯಲ್ಲಿ ಮಸ್ಕಿಯಲ್ಲಿ ಬಸ್ಸಿನಿಂದಿಳಿದೆವು. ಅಶೋಕನ ಶಾಸನವಿರುವ ಬಂಡೆಯನ್ನು ತೋರಿಸಿ, ನಮ್ಮ ಕಡೆಯ ಒಂದು ಒಳ್ಳೆಯ ಅನುಮಾನದ ಕಥೆಯನ್ನು ಹೇಳುವುದು ನಮ್ಮ ಉದ್ದೇಶವಾಗಿತ್ತು. 1837ರಲ್ಲಿ ಪ್ರಿನ್ಸೆಪ್ ಸಾಹೇಬರು ಬ್ರಾಹ್ಮೀ ಲಿಪಿಯನ್ನು ಓದಿದಾಗ, ದೇವಾನಂಪಿಯ ಪಿಯದಸಿಯೆಂಬ ಅರಸನ ಹೆಸರು ಹೊರಬಿದ್ದಿತು. ಸಿಂಹಳದ ತಿಸ್ಸರಾಜನಿಗೆ ದೇವಾನಂಪಿಯನೆಂಬ ಬಿರುದಿದ್ದುದರಿಂದ, ಶಾಸನಗಳು ಅವನವೇ ಇರಬೇಕೆಂದು ಅವರು ಮೊದಲು ಊಹಿಸಿದರು. ಬಿರುದು ಒಬ್ಬನದೇ ಆಗಿರಬೇಕೆಂಬ ನಿಯಮವೆಲ್ಲಿದೆ? ಅಶೋಕನ ಮೊಮ್ಮಗನಾದ ದಶರಥನೂ ಅದನ್ನು ಧರಿಸಿದ್ದನು. ಹೇತುವು ಅಲೆಯಿತು. ಸಿಂಹಳದಲ್ಲಿದ್ದ ಟರ್ನರ್ ಎಂಬವರು ದೀಪವಂಶದಲ್ಲಿ ಅಶೋಕನಿಗೆ ಪಿಯದಸ್ಸಿಯೆಂಬ ಹೆಸರಿದ್ದುದನ್ನು ತೋರಿಸಿದ ಬಳಿಕ ಊಹೆಯು ದಾರಿಗೆ ಬಂದಿತು. ಕಡೆಗೆ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಎಂಬವರು ಮಸ್ಕಿಯ ಬಂಡೆಯನ್ನು ಕಂಡರು. ಅದರಲ್ಲಿ ಅಶೋಕನೆಂಬ ಹೆಸರೇ ಇದ್ದಿತು. "ಹೀಗೆ ನಮ್ಮ ಮಸ್ಕಿಯು ಪಿಯದಸಿಯೇ ಅಶೋಕನೆಂಬುದನ್ನು ಸಿದ್ಧಪಡಿಸಿತು" ಎಂದು, ಮೂವತ್ತು ವರ್ಷ ಮಕ್ಕಳಿಗೆ ಹೇಳಿದಂತೆಯೇ ಹೇಳಿ ಮುಗಿಸಿದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಕಲ್ಲಿನಾಗ ಪಿಯದಸಿ ಅಂತ ಅದ ಏನ್ರಿ ಮಾಮಾ?" ಎಂದಳು.

ಇಲ್ಲ. ಮಸ್ಕಿಯ ಶಾಸನದಲ್ಲಿ ದೇವಾನಂಪಿಯನೂ ಅಶೋಕನೂ ಇರುವರು, ಪಿಯದಸಿಯಿಲ್ಲ. ಹಲವರಿಗೆ ಸಲ್ಲುವ ಬಿರುದೆಂದು ಈಗತಾನೆ ನಾವು ಹೇಳಿದ ಆ ಬಿರುದೇ ಎರಡು ದಡಗಳಿಗೂ ಸೇತುವೆ! ರೂಪನಾಥ ಮೊದಲಾದೆಡೆಗಳ ಶಾಸನಗಳಲ್ಲಿಯೂ ಇದೇ ಒಕ್ಕಣೆಯಿರುವುದರಿಂದ ಅನುಮಾನಕ್ಕೆ ಬಲ ಬರುವುದು ನಿಜ. ಆದರೆ ಬಲ ಬೇರೆ, ಸಿದ್ಧಿ ಬೇರೆ. ದೇವಾನಂಪಿಯ, ಪಿಯದಸಿ, ಅಶೋಕ ಎಂಬ ಮೂರೂ ಒಂದೇ ಸಾಲಿನಲ್ಲಿ ದೊರೆತುದು, ಸ್ವಾತಂತ್ರ್ಯಾನಂತರ ಮಧ್ಯಪ್ರದೇಶದ ಗುಜರ್ರಾ ಎಂಬ ಹಳ್ಳಿಯ ಬಂಡೆಯಲ್ಲಿ. ಇದನ್ನು ನಾವು ಓದಿ ಬಲ್ಲೆವು. ಮಸ್ಕಿಯ ಅಭಿಮಾನವು ನಡುವಣ ಬಿರುಕನ್ನು ಮುಚ್ಚಿದ್ದಿತು.

ಸಿಂಧನೂರಿನ ಮನೆಯಲ್ಲಿ ಅಂದು ರಾತ್ರಿ ಊಟವಾದ ಮೇಲೆ ತಂಗಿಯು ತೀರ್ಮಾನವನ್ನು ಕೇಳಿದಳು. ಆ ಇಬ್ಬರು ಹುಡುಗಿಯರ ಸಂಗತಿಯನ್ನು ಹೇಳಹೊರಟ ನಾವು, ಅರ್ಧದಲ್ಲಿ ಹುಡುಗಿಯ ಮುಖವನ್ನು ನೋಡಿದೆವು. "ಹೋಗಿ ಸೋತವರನ್ನು ಎಣಿಸಿದಿರಿ ಮಾಮಾ, ಹೋಗದೆ ಸೋತವರು ಎಷ್ಟು ಮಂದಿ?" ಎಂದು ಅವಳು ಮೆಲ್ಲಗೆ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಇಬ್ಬರನ್ನು ಕಂಡು ಎಲ್ಲರ ಮಾತಾಡಿದ್ದೆವು. ಆ ಇಬ್ಬರಿಗಾದರೂ ಸೋಲು ಬಂದುದು ಧಾರವಾಡದಿಂದಲೋ, ಜ್ವರದಿಂದಲೋ, ಇಂಗ್ಲಿಷಿನಿಂದಲೋ ವಿಚಾರಿಸಿರಲಿಲ್ಲ. ಆದರೆ ಅವಳಿಗೂ ಒಂದು ಮಾತನ್ನು ಹೇಳಲೇಬೇಕಾಯಿತು: ನಮ್ಮ ವಾದವು ಮುರಿದುದರಿಂದ ಅವಳ ವಾದವು ಗೆದ್ದಂತಾಗಲಿಲ್ಲ. ಬೇಡವೆನ್ನಲು ನಾವು ಕೊಟ್ಟ ಕಾರಣವು ಸುಳ್ಳಾದ ಮಾತ್ರಕ್ಕೆ, ಹೋದರೆ ಉತ್ತೀರ್ಣಳಾಗುವಳೆಂದು ಸಿದ್ಧವಾಗುವುದಿಲ್ಲ. ಅವಳು ಒಪ್ಪಿದಳು. ಒಪ್ಪಿದ ರೀತಿಯೇ ನಮ್ಮನ್ನು ಗೆದ್ದಿತು. ಅರ್ಧ ಖರ್ಚನ್ನು ನಮ್ಮ ಪಿಂಚಣಿಯಿಂದ ಕೊಡುವುದೆಂದೂ, ಪಾಟಲಿಗಳಲ್ಲಿ ಒಂದನ್ನು ಮಾತ್ರ ಒತ್ತೆಯಿಡುವುದೆಂದೂ ಗೊತ್ತಾಯಿತು. ತಂಗಿಯು ಕಣ್ಣೊರಸಿಕೊಂಡು ಒಳಗೆ ಹೋದಳು. ಸಂತೋಷಕ್ಕೋ ಭಯಕ್ಕೋ ನಾವು ಕೇಳಲಿಲ್ಲ.

ಸಂಕ್ರಾಂತಿಯ ಮರುವಾರ ಹುಡುಗಿಯು ಧಾರವಾಡಕ್ಕೆ ಹೋದಳು. ಈಗ ಭಾನುವಾರಕ್ಕೊಂದು ಪ್ರಶ್ನೆಯನ್ನು ಮೊಬೈಲಿನಲ್ಲಿ ಕಳುಹಿಸುತ್ತಾಳೆ. ಮೊನ್ನೆ ಬಂದುದು ಇದು: "ಪರೀಕ್ಷೆಯಲ್ಲಿ ಗೆದ್ದವರಲ್ಲಿ ಹೆಚ್ಚಿನವರು ನಸುಕಿನಲ್ಲೆದ್ದು ಓದಿದವರು. ಆದುದರಿಂದ ನಸುಕಿನಲ್ಲೆದ್ದು ಓದುವವರು ಗೆಲ್ಲುವರು. ದೋಷವಾವುದು?" ಇದೇ ವಾಕ್ಯವನ್ನು ಪ್ರತಿವರ್ಷವೂ ಶಾಲೆಯ ಮೊದಲ ದಿನ ನಾವು ಮಕ್ಕಳಿಗೆ ಹೇಳುತ್ತಿದ್ದೆವು. ಉತ್ತರವನ್ನು ಇನ್ನೂ ಕಳುಹಿಸಿಲ್ಲ.