ಗೋರ್ಬಚೆವ್ ತಂಗಿದ್ದ ಹಡಗಿಗೆ ಗಾಯಕನ ಹೆಸರು: ಯಾರು ಈ ಗೆಯೋರ್ಗ್ ಓಟ್ಸ್?

1986ರ ಅಕ್ಟೋಬರ್. ಅಮೆರಿಕ ಅಧ್ಯಕ್ಷ ರೊನಾಲ್ಡ್ ರೇಗನ್ ಮತ್ತು ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೆವ್ ಅಣ್ವಸ್ತ್ರ ಕಡಿತದ ಮಾತುಕತೆಗಾಗಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ ಸೇರಿದ್ದರು. ಗೋರ್ಬಚೆವ್ ತಂಗಿದ್ದು ಹೋಟೆಲ್‌ನಲ್ಲಲ್ಲ, ಬಂದರಿನಲ್ಲಿ ನಿಂತಿದ್ದ ಸೋವಿಯತ್ ಹಡಗಿನಲ್ಲಿ. ಅದರ ಹೆಸರು 'ಗೆಯೋರ್ಗ್ ಓಟ್ಸ್'. ಇದು ಸೇನಾನಿಯ ಹೆಸರಲ್ಲ, ಪಕ್ಷದ ಮುಖಂಡನದೂ ಅಲ್ಲ. ಎಸ್ಟೋನಿಯಾದ ಒಬ್ಬ ಗಾಯಕ-ನಟನ ಹೆಸರು.

ಸುಮಾರು 13 ಲಕ್ಷ ಜನಸಂಖ್ಯೆಯ ಪುಟ್ಟ ದೇಶದ ಕಲಾವಿದನೊಬ್ಬ ಇಡೀ ಸೋವಿಯತ್ ಒಕ್ಕೂಟದ ಮನೆಮಾತಾಗಿದ್ದು ಹೇಗೆ? ಆ ಒಕ್ಕೂಟವೇ ಇಲ್ಲವಾದ ಮೇಲೂ ಸ್ವಂತ ನಾಡಿನಲ್ಲಿ ಆತನ ಹೆಸರು ಉಳಿದಿದ್ದು ಹೇಗೆ? ಇಲ್ಲಿದೆ ವಿವರ.

ಮುಳುಗಿದ ಹಡಗಿನಿಂದ ರಂಗಕ್ಕೆ

ಓಟ್ಸ್ ಹುಟ್ಟಿದ್ದು 1920ರ ಮಾರ್ಚ್ 21ರಂದು, ಪೆಟ್ರೊಗ್ರಾಡ್‌ನಲ್ಲಿ. ತಂದೆ ಕಾರ್ಲ್ ಓಟ್ಸ್ ಕೂಡ ಒಪೆರಾ ಗಾಯಕ. ಆದರೆ ಯೌವನದಲ್ಲಿ ಮಗ ಗುರುತಿಸಿಕೊಂಡಿದ್ದು ಈಜುಗಾರನಾಗಿ. ಆ ಈಜೇ ಮುಂದೆ ಜೀವ ಉಳಿಸಿತು. 1941ರಲ್ಲಿ ಜರ್ಮನ್ ಸೇನೆ ಟ್ಯಾಲಿನ್ ನಗರವನ್ನು ಸಮೀಪಿಸಿದಾಗ, ಅಲ್ಲಿಂದ ಓಟ್ಸ್ ಹೊರಟಿದ್ದ ಹಡಗು ಬಾಂಬ್ ದಾಳಿಗೆ ಸಿಲುಕಿ ಸಮುದ್ರದಲ್ಲಿ ಮುಳುಗಿತು. ಈಜುತ್ತಿದ್ದ ಅವರನ್ನು ಮತ್ತೊಂದು ಹಡಗು ರಕ್ಷಿಸಿತು.

ಬಳಿಕ ರಷ್ಯಾದ ಯಾರೊಸ್ಲಾವ್ಲ್ ನಗರದಲ್ಲಿ ನೆಲೆಸಿದ್ದ ಎಸ್ಟೋನಿಯನ್ ಕಲಾತಂಡವನ್ನು ಸೇರಿದರು. 1944ರಲ್ಲಿ ಟ್ಯಾಲಿನ್‌ಗೆ ಮರಳಿದಾಗ, ಅಲ್ಲಿನ 'ಎಸ್ಟೋನಿಯಾ' ರಂಗಮಂದಿರ ಸೋವಿಯತ್ ಬಾಂಬ್ ದಾಳಿಯಿಂದ ಪಾಳುಬಿದ್ದಿತ್ತು. ಅದೇ ಸಂಸ್ಥೆಯಲ್ಲಿ ಗುಂಪುಗಾಯನದಿಂದ ಆರಂಭಿಸಿದ ಓಟ್ಸ್, ಬಳಿಕ ಮುಖ್ಯ ಪಾತ್ರಗಳಿಗೆ ಏರಿದರು. ಯೆವ್ಗೆನಿ ಒನೆಗಿನ್, ರಿಗೊಲೆಟ್ಟೊ, ಡಾನ್ ಜಿಯೊವಾನ್ನಿ, ಡೆಮನ್ ಅವರಿಗೆ ಹೆಸರು ತಂದ ಪಾತ್ರಗಳು.

ಮುಖವಾಡ ತಂದ ಖ್ಯಾತಿ

ಒಪೆರಾ ನೋಡದವರಿಗೂ ಅವರನ್ನು ಪರಿಚಯಿಸಿದ್ದು 1958ರ 'ಮಿಸ್ಟರ್ ಎಕ್ಸ್' ಚಿತ್ರ. ಹಂಗೇರಿಯ ಸಂಗೀತಗಾರ ಕಾಲ್ಮಾನ್ ಅವರ ಸಂಗೀತ ನಾಟಕ ಆಧರಿಸಿದ ಇದರಲ್ಲಿ, ಎಲ್ಲವನ್ನೂ ಕಳೆದುಕೊಂಡು ಮುಖವಾಡ ತೊಟ್ಟು ಸರ್ಕಸ್ ಸೇರುವ ಶ್ರೀಮಂತ ಮನೆತನದ ಯುವಕನ ಪಾತ್ರ ಅವರದು. ನಟನೆ, ಹಾಡು ಎರಡೂ ಅವರದ್ದೇ.

1969ರ 'ದಿ ಲಾಸ್ಟ್ ರೆಲಿಕ್' ಚಿತ್ರದ್ದು ಬೇರೆ ಕಥೆ. ಎಸ್ಟೋನಿಯನ್ ಆವೃತ್ತಿಯ ಹಾಡುಗಳನ್ನು ಹಾಡಿದ್ದು ಪೀಟರ್ ಟೂಮಾ. ರಷ್ಯನ್ ಆವೃತ್ತಿಗೆ ಹಿನ್ನೆಲೆ ದನಿಯಾದವರು ಓಟ್ಸ್. ಸೋವಿಯತ್ ಒಕ್ಕೂಟದಲ್ಲಿ ಆ ಚಿತ್ರದ 4 ಕೋಟಿಗೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು.

ಹಾಗಾದರೆ ಇವರು ಸರ್ಕಾರದ ಗಾಯಕರೇ?

ಪ್ರಶ್ನೆ ಸಹಜ. 1950 ಮತ್ತು 1952ರಲ್ಲಿ ಸ್ಟಾಲಿನ್ ಪ್ರಶಸ್ತಿ, 1960ರಲ್ಲಿ 'ಯುಎಸ್‌ಎಸ್‌ಆರ್ ಜನತಾ ಕಲಾವಿದ' ಗೌರವ ಅವರಿಗೆ ಸಂದಿದ್ದವು. ಆಡಳಿತಕ್ಕೆ ಒಪ್ಪಿಗೆಯಾಗುವ ಹಾಡುಗಳನ್ನೂ ಅವರು ಹಾಡಿದರು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಮಾಸ್ಕೋದ ಬೊಲ್ಶೊಯ್ ರಂಗದಲ್ಲಿ ಅತಿಥಿ ಗಾಯಕರಾಗಿ ಹಾಡಿದರೂ ಅವರು ಟ್ಯಾಲಿನ್ ಬಿಡಲಿಲ್ಲ. ಕೊನೆಯವರೆಗೂ 'ಎಸ್ಟೋನಿಯಾ' ರಂಗಮಂದಿರದ ಕಲಾವಿದರಾಗಿಯೇ ಉಳಿದರು. ರಷ್ಯನ್ ಭಾಷೆಯ ಪ್ರಾಬಲ್ಯದ ಆ ದಿನಗಳಲ್ಲಿ ಎಸ್ಟೋನಿಯನ್ ಭಾಷೆಯಲ್ಲಿ ಹಾಡುವುದನ್ನೂ ನಿಲ್ಲಿಸಲಿಲ್ಲ. ರೈಮಂಡ್ ವಾಲ್ಗ್ರೆ ರಾಗ ಹಾಕಿದ 'ಸಾರೆಮಾ ವಾಲ್ಸ್' ಅವರ ದನಿಯಲ್ಲೇ ಮನೆಮನೆ ತಲುಪಿತು. ಸಮುದ್ರದಾಚೆಯ ಫಿನ್ಲೆಂಡ್‌ನವರಿಗೆ ಫಿನ್ನಿಷ್ ಭಾಷೆಯಲ್ಲಿ ಹಾಡಿ ಅಲ್ಲಿಯೂ ಜನಪ್ರಿಯರಾದರು.

ಉಳಿದ ಹೆಸರು

1971ರಲ್ಲಿ 'ಮ್ಯಾನ್ ಆಫ್ ಲಾ ಮಾಂಚಾ' ಸಂಗೀತ ನಾಟಕದ ಡಾನ್ ಕ್ವಿಕ್ಸೋಟ್ ಆಗಿ ಅವರು ಮೆಚ್ಚುಗೆ ಗಳಿಸಿದರು. ಅಷ್ಟರಲ್ಲೇ ಮೆದುಳಿನ ಗೆಡ್ಡೆ ಕಾಡತೊಡಗಿತು. ಶಸ್ತ್ರಚಿಕಿತ್ಸೆಗಳ ನಡುವೆಯೂ ಹಾಡುತ್ತಿದ್ದ ಓಟ್ಸ್, 1975ರ ಸೆಪ್ಟೆಂಬರ್ 5ರಂದು 55ನೇ ವಯಸ್ಸಿನಲ್ಲಿ ನಿಧನರಾದರು.

1980ರಲ್ಲಿ ಟ್ಯಾಲಿನ್-ಹೆಲ್ಸಿಂಕಿ ನಡುವಿನ ಪ್ರಯಾಣಿಕರ ಹಡಗಿಗೆ ಅವರ ಹೆಸರಿಡಲಾಯಿತು. ಎರಡೂ ದಡದವರು ಪ್ರೀತಿಸಿದ ಗಾಯಕನ ಹೆಸರು ಆ ಮಾರ್ಗಕ್ಕೆ ಒಪ್ಪುವಂತಿತ್ತು.

1991ರಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾದಾಗ ಸೋವಿಯತ್ ಕಾಲದ ಎಷ್ಟೋ ಹೆಸರುಗಳು, ಪ್ರತಿಮೆಗಳು ತೆರವಾದವು. ಓಟ್ಸ್ ಹೆಸರು ಮಾತ್ರ ಟ್ಯಾಲಿನ್‌ನ ಸಂಗೀತ ಶಾಲೆಯಲ್ಲಿ ಉಳಿಯಿತು. ಸಾರೆಮಾ ದ್ವೀಪದ ಹೋಟೆಲೊಂದಕ್ಕೂ ಬಂತು. 2007ರಲ್ಲಿ ನಿರ್ದೇಶಕ ಪೀಟರ್ ಸಿಮ್ ಅವರ ಬದುಕನ್ನು 'ಗೆಯೋರ್ಗ್' ಎಂಬ ಚಿತ್ರವಾಗಿಸಿದರು. ಓಟ್ಸ್ ಪಾತ್ರ ಮಾಡಿದ ಮಾರ್ಕೊ ಮಾಟ್ವೆರೆ ಕೂಡ ರಂಗಭೂಮಿ, ಸಿನಿಮಾ, ಗಾಯನ ಮೂರರಲ್ಲೂ ಹೆಸರು ಮಾಡಿದವರು.

ಪ್ರಶಸ್ತಿ ಕೊಟ್ಟ ಸರ್ಕಾರ ಇಂದು ಇಲ್ಲ. ಆದರೆ ಅವರು ತಾಯ್ನುಡಿಯಲ್ಲಿ ಹಾಡಿದ ಹಾಡುಗಳು ಎಸ್ಟೋನಿಯಾದಲ್ಲಿ ಇಂದಿಗೂ ಕೇಳುತ್ತಿವೆ.